ಜೆಪಾರಾದಿಂದ ತೇಗದ ಕುರ್ಚಿ ಕಲಬುರಗಿಗೆ ತರಿಸಬೇಕು ಅಂತಿದೀನಿ, ಹೊರದೇಶದಿಂದ ತರಿಸಿದವರು ಯಾರಾದ್ರೂ ಇದ್ದೀರಾ?

ಸ್ಟೇಷನ್ ರೋಡ್ ಹುಡುಗ
ಎಲ್ಲರಿಗೂ ನಮಸ್ಕಾರ್ರೀ. ನಮ್ಮದು ಕಲಬುರಗಿಯಲ್ಲಿ ಫರ್ನಿಚರ್ ಅಂಗಡಿ. ಅಪ್ಪ ಶುರು ಮಾಡಿದ್ದು. ಮದುವೆ ಸೀಸನ್‌ನಲ್ಲಿ ಮಂಚ, ಅಲಮಾರಿ, ಡ್ರೆಸ್ಸಿಂಗ್ ಟೇಬಲ್ ಸೆಟ್ ಹೋಗುತ್ತದೆ, ಉಳಿದ ತಿಂಗಳು ನೊಣ ಹೊಡೆಯೋದು. ಮಾಲು ಎಲ್ಲ ಹೈದರಾಬಾದ್‌ನಿಂದ ಬರುತ್ತದೆ. ಬೀದಿಯಲ್ಲಿ ಆರು ಅಂಗಡಿ ಇವೆ, ಆರರಲ್ಲೂ ಅದೇ ಮಂಚ.

ಈಗ ಇಂಡೋನೇಷ್ಯಾದ ಜೆಪಾರಾ ಅಂತ ಊರಿನ ಒಬ್ಬರು ಸಿಕ್ಕಿದ್ದಾರೆ. ಜಾವಾ ದ್ವೀಪದಲ್ಲಿದೆ, ಮರದ ಕೆತ್ತನೆಗೆ ಹೆಸರಾದ ಊರು. ಕೆತ್ತನೆ ಇರೋ ತೇಗದ ಕುರ್ಚಿ 48 ಡಾಲರ್ ಅಂತಾರೆ. ಅಂಥದ್ದೇ ಕುರ್ಚಿ ಹೈದರಾಬಾದ್ ಶೋರೂಮಲ್ಲಿ 14,000 ರೂಪಾಯಿಗೆ ನೋಡಿ ಬಂದಿದೀನಿ. ಗುಣಾಕಾರ ಮಾಡಿ ಮಾಡಿ ರಾತ್ರಿ ನಿದ್ದೆ ಬರ್ತಿಲ್ಲ. ಅಪ್ಪನಿಗೆ ಹೇಳಿದರೆ "ಮಾಲು ಕೆಟ್ಟರೆ ಹೈದರಾಬಾದ್‌ನವನ ಜೊತೆ ಜಗಳ ಆಡಬಹುದು, ಸಮುದ್ರದಾಚೆ ಇರೋನ ಜೊತೆ ಹೆಂಗ ಆಡ್ತಿ?" ಅಂದರು. ಉತ್ತರ ಇರಲಿಲ್ಲ. ಲೈಸೆನ್ಸ್ ಏನು ಬೇಕು, ಸುಂಕ ಎಷ್ಟು, ಎಲ್ಲಿ ಏಟು ಬೀಳುತ್ತದೆ? ಅನುಭವ ಇದ್ದವರು ಹೇಳಿ.

ಬೇಳೆ ಲಾರಿ
ಲೈಸೆನ್ಸ್ ದೊಡ್ಡ ವಿಷಯ ಅಲ್ಲ ತಮ್ಮಾ. ಐಇಸಿ ಅಂತ, ಆಮದು-ರಫ್ತು ಮಾಡೋರಿಗೆ ಕೊಡೋ ಒಂದು ನಂಬರ್ ಬೇಕು. ವಿದೇಶಿ ವ್ಯಾಪಾರ ನೋಡಿಕೊಳ್ಳೋ ಸರ್ಕಾರಿ ಇಲಾಖೆ ಡಿಜಿಎಫ್‌ಟಿಯ ವೆಬ್‌ಸೈಟಲ್ಲಿ 500 ರೂಪಾಯಿ ಕಟ್ಟಿದರೆ ಸಿಗುತ್ತದೆ, ಪ್ಯಾನ್ ನಂಬರೇ ಐಇಸಿ ನಂಬರ್ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಮ್ಮೆ ಲಾಗಿನ್ ಆಗಿ ವಿವರ ಖಚಿತ ಮಾಡಬೇಕು, ಏನೂ ಬದಲಾಗಿಲ್ಲ ಅಂದ್ರೂ ಮಾಡಬೇಕು. ಮರೆತರೆ ನಂಬರ್ ನಿಂತುಹೋಗುತ್ತದೆ, ಅದು ಗೊತ್ತಾಗೋದು ಮಾಲು ಬಂದರಲ್ಲಿ ಕೂತಾಗ.

ನಿನ್ನ ಗುಣಾಕಾರದ ಬಗ್ಗೆ ಹೇಳಬೇಕು. 48 ಡಾಲರ್ ಅಂದ್ರಲ್ಲ, ಅದು ಎಲ್ಲಿಯ ರೇಟು? ಕಾರ್ಖಾನೆ ಬಾಗಿಲಿಂದಾ, ಅಲ್ಲಿನ ಬಂದರಿನವರೆಗಾ, ನಮ್ಮ ಬಂದರಿನವರೆಗಾ? ಎಕ್ಸ್‌ವರ್ಕ್ಸ್, ಎಫ್‌ಓಬಿ, ಸಿಐಎಫ್ ಅಂತ ಬರೆದಿರ್ತಾರೆ. ಮೂರಕ್ಕೂ ಆಕಾಶ ಭೂಮಿ ವ್ಯತ್ಯಾಸ.

ಸುಂಕದ ಲೆಕ್ಕ ಹೀಗೆ. ಮಾಲು, ಹಡಗಿನ ಬಾಡಿಗೆ, ವಿಮೆ ಮೂರೂ ಸೇರಿ 1,00,000 ರೂಪಾಯಿ ಅಂತಿಟ್ಟುಕೋ. ಮೂಲ ಸುಂಕ ಉದಾಹರಣೆಗೆ ಶೇ 20 ಅಂದ್ರೆ 20,000. ಆ ಸುಂಕದ ಮೇಲೆ ಸಾಮಾನ್ಯವಾಗಿ ಶೇ 10 ಸೋಷಿಯಲ್ ವೆಲ್ಫೇರ್ ಸರ್‌ಚಾರ್ಜ್, 2,000. ಈಗ 1,22,000 ಆಯ್ತಲ್ಲ, ಇದರ ಮೇಲೆ ಐಜಿಎಸ್‌ಟಿ, ಅಂದ್ರೆ ಆಮದು ಮಾಲಿನ ಜಿಎಸ್‌ಟಿ. ಮರದ ಫರ್ನಿಚರಿಗೆ ಶೇ 18, ಅಂದ್ರೆ 21,960. ಒಟ್ಟು 43,960 ರೂಪಾಯಿ ಕಟ್ಟಿದ ಮೇಲೆ ಮಾಲು ನಿನ್ನದು. ಐಜಿಎಸ್‌ಟಿ ಆಮೇಲೆ ನೀನು ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯೋಕೆ ಕ್ರೆಡಿಟ್ ಸಿಗುತ್ತದೆ, ಆದರೆ ಅಷ್ಟು ದಿನ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ನೀವು ಕಾಂಪೊಸಿಷನ್‌ನಲ್ಲಿದ್ದರೆ, ಅಂದ್ರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಲ್ಲಿದ್ದರೆ, ಕ್ರೆಡಿಟ್ಟೂ ಇಲ್ಲ. ನಿಜವಾದ ಸುಂಕ ಎಷ್ಟು ಅನ್ನೋದು ಎಚ್‌ಎಸ್ ಕೋಡ್, ಅಂದ್ರೆ ಮಾಲಿನ ಬಗೆಗೆ ಕಸ್ಟಮ್ಸ್‌ನವರು ಹಾಕೋ ನಂಬರ್, ಅದರ ಮೇಲೆ ನಿಂತಿದೆ, ಬಜೆಟ್ ಬಂದಾಗಲೆಲ್ಲ ನೋಡಬೇಕು.

ಸ್ಟೇಷನ್ ರೋಡ್ ಹುಡುಗ
ಅಯ್ಯೋ ಅಣ್ಣಾ. ನಾವು ಕಾಂಪೊಸಿಷನ್ನೇ.

ಬೇಳೆ ಲಾರಿ
ಹಂಗಾದ್ರೆ ಮೊದಲು ನಿಮ್ಮ ಆಡಿಟರ್ ಹತ್ರ ಹೋಗು, ಜೆಪಾರಾ ಆಮೇಲೆ. ಇನ್ನೊಂದು, ಆಸಿಯಾನ್ ದೇಶಗಳ ಜೊತೆ ನಮಗೆ 2010ರಿಂದ ವ್ಯಾಪಾರ ಒಪ್ಪಂದ ಇದೆ, ಇಂಡೋನೇಷ್ಯಾ ಅದರಲ್ಲಿದೆ. ಫಾರ್ಮ್ ಎಐ ಅನ್ನೋ ಮೂಲ ಪ್ರಮಾಣಪತ್ರ ಅವರು ಕಳಿಸಿದರೆ ಬಹಳ ಮಾಲಿಗೆ ಸುಂಕ ಇಳಿಯುತ್ತದೆ ಇಲ್ಲವೇ ಇರೋದೇ ಇಲ್ಲ. ಆದರೆ 2020ರಿಂದ ಕಾರೋಟಾರ್ ಅಂತ ನಿಯಮ ಬಂದಿದೆ. ಮಾಲು ನಿಜವಾಗ್ಲೂ ಅಲ್ಲೇ ತಯಾರಾಗಿದ್ದು ಅನ್ನೋದರ ವಿವರ ತರಿಸಿದವನ ಹತ್ರಾನೂ ಇರಬೇಕು. ಚೀನಾದ ಮಾಲಿಗೆ ಇಂಡೋನೇಷ್ಯಾ ಚೀಟಿ ಅಂಟಿಸಿದರೆ ಸಿಕ್ಕಿಬೀಳೋನು ನೀನು.

ಯಾದಗಿರಿ ಅಕ್ಕ
ನನ್ನ ಕಥೆ ಕೇಳ್ರೀ. ನಾನು ಮನೆಯಿಂದಲೇ ಬುಟ್ಟಿ, ದೀಪದ ಬುರುಡೆ, ಅಲಂಕಾರದ ಸಾಮಾನು ಮಾರೋಳು. ಎರಡು ವರ್ಷದ ಹಿಂದೆ ಚೀನಾದ ಯಿವುನಿಂದ ಮೂರು ಸಿಬಿಎಂ ಮಾಲು ತರಿಸಿದೆ. ಸಿಬಿಎಂ ಅಂದ್ರೆ ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಗ. ಪೂರ್ತಿ ಕಂಟೇನರ್ ತುಂಬಿಸೋ ಶಕ್ತಿ ಇಲ್ಲದವರು ಜಾಗ ಹಂಚಿಕೊಳ್ಳೋದು, ಎಲ್‌ಸಿಎಲ್ ಅಂತಾರೆ. ಹಡಗಿನ ಬಾಡಿಗೆ ಎಷ್ಟು ಅಂತ ಕೇಳಿದರೆ "ಫ್ರೀ ಮೇಡಂ" ಅಂದ್ರು. ಅಕ್ಷರಶಃ ಫ್ರೀ. ನಮ್ಮ ಮನೆಯವರಿಗೆ ತೋರಿಸಿ ಮೆರೆದೆ.

ಮಾಲು ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಬಂದ ಮೇಲೆ ಬಿಲ್ ಬಂತು. ಡೆಲಿವರಿ ಆರ್ಡರ್ ಚಾರ್ಜ್, ಕಂಟೇನರ್ ಬಿಚ್ಚಿಸೋ ಚಾರ್ಜ್, ಗೋದಾಮಿನ ಚಾರ್ಜ್, ದಾಖಲೆ ಚಾರ್ಜ್, ಇನ್ನೂ ಏನೇನೋ ಹೆಸರು. ಒಂದೊಂದಕ್ಕೂ ಶೇ 18 ಜಿಎಸ್‌ಟಿ. ಕೊನೆಗೆ ಮಾಲಿನ ಬೆಲೆಗಿಂತ ಬಿಡಿಸಿಕೊಳ್ಳೋ ಖರ್ಚು ಜಾಸ್ತಿ ಆಯ್ತು. ಬಿಡಿಸದೆ ಬಿಟ್ಟರೆ ದಿನಕ್ಕೊಂದು ಬಾಡಿಗೆ ಏರ್ತದೆ. ಅತ್ತೂ ಆಯ್ತು. ಆಮೇಲೆ ಗೊತ್ತಾಯ್ತು, ಅಲ್ಲಿ ಫ್ರೀ ಅಂದಿದ್ದನ್ನೆಲ್ಲ ಇಲ್ಲಿ ವಸೂಲಿ ಮಾಡ್ತಾರೆ, ಅದೇ ಅವರ ದಂಧೆ. ಈಗ ನಾನು ಕೇಳೋ ಮೊದಲ ಪ್ರಶ್ನೆ ಒಂದೇ: "ಇಳಿಯೋ ಬಂದರಲ್ಲಿ ನಾನು ಕೊಡಬೇಕಾದ್ದೆಲ್ಲ ಬರೆದು ಮೇಲ್ ಮಾಡಿ." ಕೊಡಲ್ಲ ಅಂದ್ರೆ ಮುಂದಿನವರ ಹತ್ರ ಹೋಗ್ತೀನಿ.

ಇನ್ನೊಂದು ಮರೆತೆ. ಅದರಲ್ಲಿ ಮಕ್ಕಳ ಮರದ ಆಟಿಕೆ ಒಂದು ಡಬ್ಬಿ ಹಾಕಿಸಿದ್ದೆ, ಬರೀ ಒಂದು ಡಬ್ಬಿ. ಆಟಿಕೆಗೆ 2021ರ ಜನವರಿಯಿಂದ ಬಿಐಎಸ್ ಗುರುತು, ಅಂದ್ರೆ ಐಎಸ್‌ಐ ಮಾರ್ಕ್, ಕಡ್ಡಾಯ. ಆ ಒಂದು ಡಬ್ಬಿಗಾಗಿ ಪೂರ್ತಿ ಮಾಲು ನಿಂತಿತು.

ಗುಮ್ಮಟದ ಗೂಬೆ
ಬೀದರ್ ಪಕ್ಕದಲ್ಲಿ ಇಟ್ಟುಕೊಂಡು ಇಂಡೋನೇಷ್ಯಾಕ್ಕೆ ಯಾಕ್ರೀ ಹೋಗಬೇಕು? ನಮ್ಮ ಕುಸುರಿ ಕೆಲಸದವರಿಗೆ ಕೆಲಸ ಕೊಡಿ ಮೊದಲು. ಸುಮ್ನೆ ಫಾರಿನ್ ಹುಚ್ಚು.

ಬಿದರಿ ಮನೆ
ಗೂಬೆಯವರೇ, ನಿಮ್ಮ ಕಾಳಜಿ ಸರಿ, ಆದರೆ ಬಿದರಿ ಹೂಜಿ ಮೇಲೆ ಯಾರೂ ಕೂತು ಊಟ ಮಾಡಲ್ಲ. ಅವರು ಕೇಳ್ತಿರೋದು ಕುರ್ಚಿ. ನಮ್ಮ ಮನೆಯಲ್ಲಿ ಬಿದರಿ ಕೆಲಸ ಅಜ್ಜನ ಕಾಲದಿಂದ ಇದೆ. ನಾವು ಹೊರದೇಶಕ್ಕೆ ಕಳಿಸೋರು, ನೀವು ತರಿಸೋರು. ಹಾಗಾಗಿ ಆ ಕಡೆ ಕೂತೋನ ತಲೆಯಲ್ಲಿ ಏನು ಓಡುತ್ತದೆ ಅಂತ ನಾನು ಹೇಳಬಲ್ಲೆ.

ಬಿದರಿ ಒಂದು ಸಾಮಾನು ಆಗಬೇಕಂದ್ರೆ ಸತುವಿಗೆ ತಾಮ್ರ ಬೆರೆಸಬೇಕು, ಹದಿನಾರು ಪಾಲಿಗೆ ಒಂದು. ಎರಕ ಹೊಯ್ದು, ಉಜ್ಜಿ, ಉಳಿಯಲ್ಲಿ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿಯಬೇಕು. ಕೊನೆಗೆ ಕೋಟೆ ಮಣ್ಣು, ನವಸಾಗರ ಹಾಕಿ ಕುದಿಸಿದಾಗ ಸತು ಕಪ್ಪಾಗ್ತದೆ, ಬೆಳ್ಳಿ ಬೆಳ್ಳಗೇ ಉಳೀತದೆ. ಒಬ್ಬ ಮನುಷ್ಯ ತಿಂಗಳಿಗೆ ಎಷ್ಟು ಮಾಡಿಯಾನು? ಈಗ ಒಬ್ಬರು 500 ಬೇಕು, ಆರು ವಾರದಲ್ಲಿ ಬೇಕು ಅಂತಾರೆ. ಇಲ್ಲ ಅಂದ್ರೆ ಆರ್ಡರ್ ಹೋಯ್ತು. ಅದಕ್ಕೇ ಮಾಡೋರು ಹೂಂ ಅಂತಾರೆ. ಆಮೇಲೆ ನಾಲ್ಕು ಮನೆಗೆ ಹಂಚುತ್ತಾರೆ. ಮಾದರಿ ಮಾಡಿದ್ದು ಹಿರಿಯ ಕೆಲಸಗಾರ, ಮಾಲು ಮಾಡಿದ್ದು ನಿನ್ನೆ ಕಲಿತ ಹುಡುಗ. ಮೋಸ ಮಾಡಬೇಕು ಅಂತ ಯಾರೂ ಕೂತಿರಲ್ಲ, ಹೀಗೇ ಆಗ್ತದೆ.

ಜೆಪಾರಾನೂ ಇಂಥದ್ದೇ ಊರು, ಸಣ್ಣ ಸಣ್ಣ ಕೆಲಸದ ಮನೆಗಳು. ಹಾಗಾಗಿ "ಎಷ್ಟು ಕಮ್ಮಿಗೆ ಕೊಡ್ತೀರಿ" ಅಂತ ಕೇಳೋ ಮೊದಲು "ತಿಂಗಳಿಗೆ ನಿಮ್ಮ ಕೈಯಾರೆ ಎಷ್ಟು ಆಗುತ್ತದೆ" ಅಂತ ಕೇಳಿ. ಒಪ್ಪಿದ ಮಾದರಿ ಎರಡು ಮಾಡಿಸಿ, ಎರಡಕ್ಕೂ ಅಡಿಯಲ್ಲಿ ಸಹಿ, ತಾರೀಕು ಹಾಕಿ, ಒಂದು ಅವರ ಹತ್ರ, ಒಂದು ನಿಮ್ಮ ಹತ್ರ ಇರಲಿ. ನಿಮ್ಮ ತಂದೆಯವರು ಕೇಳಿದರಲ್ಲ ಹೆಂಗ ಜಗಳ ಆಡ್ತಿ ಅಂತ, ಆ ಸಹಿ ಹಾಕಿದ ಕುರ್ಚಿ ಮುಂದಿಟ್ಟುಕೊಂಡು ಆಡಬಹುದು.

ಹಳೇ ಬಡಗಿ
ಎಲ್ಲರೂ ಸುಂಕ, ಬಾಡಿಗೆ ಅಂತ ಹೇಳ್ತಿದ್ದೀರಿ. ಮರದ ಬಗ್ಗೆ ಒಬ್ಬರೂ ಮಾತಾಡಿಲ್ಲವಲ್ಲ.

ತಮ್ಮಾ, ಜೆಪಾರಾ ಸಮುದ್ರದ ದಂಡೆ ಊರು. ವರ್ಷವಿಡೀ ಗಾಳಿಯಲ್ಲಿ ನೀರು. ಅಲ್ಲಿ ಬಯಲಲ್ಲಿ ಒಣಗಿಸಿದ ಮರದಲ್ಲಿ ಶೇ 15ರಷ್ಟು ತೇವ ಉಳಿದೇ ಇರ್ತದೆ. ಅವರ ಊರಲ್ಲಿ ಅದೇ "ಒಣಗಿದ ಮರ". ಸುಳ್ಳು ಹೇಳ್ತಿಲ್ಲ ಅವರು. ಅದು ಕಂಟೇನರಲ್ಲಿ ಕೂತು ನಮ್ಮೂರಿಗೆ ಬರ್ತದೆ. ನಮ್ಮೂರು ಹೆಂಗೈತಿ? ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ. ತೋಯಿಸಿದ ಟವೆಲ್ ಹತ್ತು ನಿಮಿಷಕ್ಕೆ ಹಪ್ಪಳ. ಅಂಥ ಗಾಳಿ ಮರದಲ್ಲಿರೋ ನೀರನ್ನ ಬಿಡ್ತದಾ? ಎಳೀತದೆ. ಮರ ಅಡ್ಡಡ್ಡ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗಲ್ಲ. ಅದಕ್ಕೇ ಹಲಗೆ ಹಲಗೆ ನಡುವೆ ಸಂದು ಬಿಡ್ತದೆ, ಕುರ್ಚಿ ಕಾಲಿನ ಕೂಡು ಸಡಿಲಾಗ್ತದೆ, ಕೂತರೆ ಕಿರ್ ಅಂತದೆ. ತೇಗ ಬೇರೆ ಮರಕ್ಕಿಂತ ಕಮ್ಮಿ ಕುಗ್ಗುತ್ತದೆ ನಿಜ. ಆದರೆ ಬೇರೆ ಮರಕ್ಕೆ ತೇಗದ ಬಣ್ಣ ಹಾಕಿ ಕಳಿಸಿದ್ರೆ? ಬಣ್ಣ ಹಾಕದ ಜಾಗ, ಕುರ್ಚಿಯ ಅಡಿಭಾಗ, ಫೋಟೋ ಕೇಳು.

ನಾನು ಶಹಾಬಾದ್ ಕಡೆ ಒಂದು ಮನೆಗೆ ರಿಪೇರಿಗೆ ಹೋಗಿದ್ದೆ. ಹೊರದೇಶದ್ದು ಅಂತ ಊಟದ ಟೇಬಲ್ ತಂದಿದ್ದರು. ಡಿಸೆಂಬರಲ್ಲಿ ಕನ್ನಡಿ ಹಂಗಿತ್ತಂತೆ. ನಾನು ನೋಡಿದ್ದು ಮೇನಲ್ಲಿ. ಹಲಗೆ ಸಂದಿನಲ್ಲಿ ಅಕ್ಕಿ ಕಾಳು ನಿಲ್ತಿತ್ತು. ಮನೆಯೊಡತಿ ಕಡ್ಡಿ ತಗೊಂಡು ದಿನಾ ಅನ್ನ ಕೆದರಿ ತೆಗೀತಿದ್ದರು. ಹಲಗೆಯನ್ನ ಚೌಕಟ್ಟಿಗೆ ಅಂಟು ಹಾಕಿ ಬಿಗಿದುಬಿಟ್ಟಿದ್ದರು, ಕುಗ್ಗೋಕೆ ಜಾಗಾನೇ ಇಲ್ಲ, ಮರ ಏನು ಮಾಡ್ತದೆ, ಒಡೀತದೆ.

ಕಿಲ್ನ್, ಅಂದ್ರೆ ಮರ ಒಣಗಿಸೋ ಬಿಸಿ ಕೋಣೆ, ಅದರೊಳಗೆ ಒಣಗಿಸಿದ್ದೇ ಬೇಕು, ತೇವ ಶೇ 8ರಿಂದ 10ರ ಒಳಗೆ ಇರಬೇಕು ಅಂತ ಆರ್ಡರಲ್ಲೇ ಬರೆಸು. ಪ್ಯಾಕ್ ಮಾಡೋ ದಿನ ತೇವ ಅಳೆಯೋ ಮೀಟರ್ ಚುಚ್ಚಿ ವಿಡಿಯೋ ಕಳಿಸಲಿ. ನೀನೂ ಒಂದು ಮೀಟರ್ ತಗೋ, ದುಬಾರಿ ಏನಲ್ಲ. ಮಾದರಿಯನ್ನ ಬೇಸಿಗೆಯಲ್ಲೇ ತರಿಸು. ಮಳೆಗಾಲದಲ್ಲಿ ತರಿಸಿ ಚೆನ್ನಾಗಿದೆ ಅಂತ ಕಂಟೇನರ್ ಬುಕ್ ಮಾಡಬೇಡ.

ಯಾದಗಿರಿ ಅಕ್ಕ
ಕಾಕಾ ಹೇಳಿದ್ದು ನೂರಕ್ಕೆ ನೂರು. ನಮ್ಮನೆ ತೊಟ್ಟಿಲೇ ಬೇಸಿಗೆಯಲ್ಲಿ ಬೇರೆ ರಾಗ ಹಾಡ್ತದೆ.

ಕೌಂಟರ್ ನಂಬರ್ 4
ಬ್ಯಾಂಕಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು ನಾನು. ದುಡ್ಡಿನ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಶೇ 30 ಮುಂಗಡ, ಉಳಿದ ಶೇ 70 ಬಿಲ್ ಆಫ್ ಲೇಡಿಂಗ್, ಅಂದ್ರೆ ಮಾಲು ಹಡಗಿಗೆ ಹಾಕಿದ್ದಕ್ಕೆ ಕೊಡೋ ರಸೀದಿ, ಅದರ ಪ್ರತಿ ಬಂದ ಮೇಲೆ. ಹೊಸಬರ ಹತ್ರ ಪೂರ್ತಿ ಮುಂಗಡ ಕೊಡಲೇಬೇಡಿ. ಬ್ಯಾಂಕ್ ಮೂಲಕವೇ ಕಳಿಸಿ, ಮಾಲು ಬಂದ ಮೇಲೆ ಕಸ್ಟಮ್ಸ್‌ಗೆ ಸಲ್ಲಿಸಿದ ಆಮದು ದಾಖಲೆ, ಅಂದ್ರೆ ಬಿಲ್ ಆಫ್ ಎಂಟ್ರಿ, ಬ್ಯಾಂಕಿನ ಲೆಕ್ಕಕ್ಕೆ ಹೊಂದಿಸಿದರೆ ಮಾತ್ರ ಆ ಕಡತ ಮುಚ್ಚುತ್ತದೆ. ಬಹಳ ಜನ ಮಾಲು ಬಂತು, ಮುಗೀತು ಅಂತ ಸುಮ್ಮನಾಗ್ತಾರೆ. ಮುಂದಿನ ಸಲ ದುಡ್ಡು ಕಳಿಸೋಕೆ ಹೋದಾಗ ಹಳೇದು ಬಾಕಿ ಅಂತ ಬ್ಯಾಂಕ್ ನಿಲ್ಲಿಸ್ತದೆ.

ಎರಡನೇದು ನೋವಿನದು. ನನ್ನ ಅಳಿಯನಿಗೇ ಆಗಿದ್ದು. ಆರು ತಿಂಗಳಿಂದ ವ್ಯವಹಾರ ಮಾಡ್ತಿದ್ದ ಪಾರ್ಟಿಯಿಂದ ಮೇಲ್ ಬಂತು, ಖಾತೆ ಬದಲಾಗಿದೆ, ಉಳಿದ ದುಡ್ಡು ಇದಕ್ಕೆ ಹಾಕಿ ಅಂತ. ಹಳೇ ಮಾತುಕತೆ ಎಲ್ಲ ಕೆಳಗೆ ಇತ್ತು, ಇನ್ವಾಯ್ಸ್ ನಂಬರ್ ಸರಿ ಇತ್ತು. ಮೇಲ್ ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಬೇರೆ. ದುಡ್ಡು ಬೇರೆ ದೇಶದ ಯಾವುದೋ ಖಾತೆಗೆ ಹೋಯ್ತು. ಅಸಲಿ ಪಾರ್ಟಿ "ನಮಗೆ ಬಂದಿಲ್ಲ" ಅಂದ. ವಾಪಸ್ ಬರಲಿಲ್ಲ. ಖಾತೆ ಬದಲಾಗಿದೆ ಅಂದ್ರೆ ವಿಡಿಯೋ ಕಾಲ್ ಮಾಡಿ, ಗೊತ್ತಿರೋ ಮುಖ ನೋಡಿ, ನಂಬರ್ ಅವರ ಬಾಯಲ್ಲೇ ಓದಿಸಿ.

ಹುಮನಾಬಾದ್ ಸರ್ಕಲ್
ಎಲ್ಲರೂ ಸಣ್ಣ ಕಲ್ಲಿನ ಬಗ್ಗೆ ಹೇಳ್ತಿದ್ದೀರಿ, ಬಂಡೆ ಮುಂದಿದೆ. ಫರ್ನಿಚರಿಗೂ ಬಿಐಎಸ್ ಗುರುತು ಕಡ್ಡಾಯ ಮಾಡೋ ಆದೇಶ 2025ರ ಫೆಬ್ರವರಿಯಲ್ಲಿ ಬಂತು. ಕುರ್ಚಿ, ಸ್ಟೂಲು, ಟೇಬಲ್, ಡೆಸ್ಕ್, ಅಲಮಾರಿ ತರದ್ದು, ಮಂಚ, ಬಂಕ್ ಬೆಡ್ ಎಲ್ಲ ಅದರಲ್ಲಿವೆ. ಗುರುತು ಬೇಕಂದ್ರೆ ಲೈಸೆನ್ಸ್ ತಗೋಬೇಕಾದ್ದು ನೀವಲ್ಲ, ತಯಾರಿಸೋ ಕಾರ್ಖಾನೆ. ಬಿಐಎಸ್‌ನವರು ಅಲ್ಲಿಗೇ ಹೋಗಿ ನೋಡ್ತಾರೆ, ಆ ಖರ್ಚೂ ಕಾರ್ಖಾನೆಯದೇ. ನಿಮ್ಮ ಐವತ್ತು ಕುರ್ಚಿಗೋಸ್ಕರ ಜೆಪಾರಾದ ಸಣ್ಣ ಕೆಲಸದ ಮನೆ ಅಷ್ಟೆಲ್ಲ ಮಾಡ್ತದಾ? ಇಂಥ ಆದೇಶಗಳ ದಿನಾಂಕ ಮುಂದೆ ಹೋಗೋದು, ವಿನಾಯಿತಿ ಬರೋದು ಮಾಮೂಲು. ಅದಕ್ಕೇ ದುಡ್ಡು ಕಳಿಸೋ ದಿನ ಬೆಳಿಗ್ಗೆ ಕೂಡ ಒಮ್ಮೆ ಬಿಐಎಸ್ ಸೈಟ್ ನೋಡಿ.

ಸ್ಟೇಷನ್ ರೋಡ್ ಹುಡುಗ
ಒಂದು ದಿನ ಏನೂ ಬರೆಯೋಕೆ ಆಗಲಿಲ್ಲ. ಅಪ್ಪ ಇದನ್ನೆಲ್ಲ ನನ್ನ ಮೊಬೈಲಲ್ಲಿ ಓದಿದರು. ಏನೂ ಅನ್ನಲಿಲ್ಲ, ಚಾ ಕುಡಿದು ಅಂಗಡಿಗೆ ಹೋದರು. ಅದೇ ಜಾಸ್ತಿ ಬೇಜಾರು.

ಹಾಗಾದರೆ ಕುರ್ಚಿ ಬಿಟ್ಟು ಬೇರೇನಾದ್ರೂ? ಅವರ ಕೆತ್ತನೆ ಕೆಲಸ ನಿಜಕ್ಕೂ ಚಂದ ಇದೆ. ಗೋಡೆಗೆ ಹಾಕೋ ಕೆತ್ತನೆ ಹಲಗೆ, ಕನ್ನಡಿ ಚೌಕಟ್ಟು ಕಳಿಸಿದ್ದರು ಫೋಟೋದಲ್ಲಿ.

ಬೇಳೆ ಲಾರಿ
ಈಗ ದಾರಿಗೆ ಬಂದೆ. ಕನ್ನಡಿ ಚೌಕಟ್ಟು ಖಾಲಿ ತರಿಸು. ಬರೀ ಮರದ ಚೌಕಟ್ಟು ಅಂದ್ರೆ ಎಚ್‌ಎಸ್ ಕೋಡ್ 4414ರಲ್ಲಿ ಬರ್ತದೆ, ಕನ್ನಡಿ ಕೂರಿಸಿದರೆ 7009, ಅದು ಗಾಜಿನ ಅಧ್ಯಾಯ. ಖಾಲಿ ತಂದರೆ ಒಡೆಯೋ ಭಯ ಇಲ್ಲ, ಒಂದರ ಮೇಲೊಂದು ಪೇರಿಸಬಹುದು, ಜಾಗ ಅರ್ಧ ಉಳೀತದೆ. ಕನ್ನಡಿ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಗಾಜಿನವನು ಅಳತೆ ತಗೊಂಡು ಕೂರಿಸ್ತಾನೆ. ಕೆತ್ತನೆಯ ಅಲಂಕಾರ ಸಾಮಾನು 4420. ಕೋಡ್ ಯಾವುದು ಅಂತ ಮಾರೋನು ಹೇಳಿದ್ದನ್ನ ನಂಬಬೇಡ, ಕಸ್ಟಮ್ಸ್ ಬ್ರೋಕರ್‌ಗೆ ಫೋಟೋ ತೋರಿಸಿ ಮೊದಲೇ ಕೇಳು.

ಪ್ಯಾಕಿಂಗ್ ಮರಕ್ಕೆ ಗೋಧಿ ತೆನೆ ಚಿತ್ರದ ಮುದ್ರೆ ಇದೆಯಾ ನೋಡು. ಒಳಗಿನ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿದೆ ಇಲ್ಲವೇ ಹುಳಕ್ಕೆ ಔಷಧ ಬಿದ್ದಿದೆ ಅನ್ನೋದಕ್ಕೆ ಅದು ಗುರುತು. ಮಾಲು ಸರಿ ಇದ್ದು, ಡಬ್ಬಿಯ ಪಟ್ಟಿಗೆ ಮುದ್ರೆ ಇಲ್ಲ ಅಂತ ನಿಂತಿದ್ದು ನೋಡಿದೀನಿ. ಬಿಲ್ ಆಫ್ ಎಂಟ್ರಿ ಹಡಗು ಬರೋ ಹಿಂದಿನ ದಿನದೊಳಗೆ ಹಾಕಿಸು. ತಡ ಆದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ದಂಡ.

ಬಂದರಿಂದ ಊರಿಗೆ ತರೋದು ನನಗೆ ಬಿಡು. ನಮ್ಮ ಬೇಳೆ ಲಾರಿ ಮುಂಬೈ ಕಡೆ ಹೋಗಿ ವಾಪಸ್ ಲೋಡಿಗೆ ಕಾಯ್ತಿರ್ತಾವೆ, ಸೊಲ್ಲಾಪುರ ಮೇಲೆ ಬರ್ತಾವೆ. ಕಂಟೇನರನ್ನೇ ಅಂಗಡಿ ಮುಂದೆ ತರಿಸೋ ಆಸೆ ಮಾತ್ರ ಬೇಡ. ಅದರ ತಳ ನೆಲದಿಂದ ನಾಲ್ಕು ಅಡಿ ಮೇಲಿರ್ತದೆ, ಸ್ಟೇಷನ್ ರೋಡಲ್ಲಿ ನಿಲ್ಲಿಸಿದರೆ ಹಮಾಲರು ಬೈತಾರೆ, ಪೊಲೀಸರೂ ಬೈತಾರೆ, ಖಾಲಿ ಡಬ್ಬ ವಾಪಸ್ ಕಳಿಸೋ ಬಾಡಿಗೆ ಬೇರೆ.

ಬಿದರಿ ಮನೆ
ಬೀದರ್‌ನವರಿಗೆ ಹೈದರಾಬಾದ್ ಸನತ್‌ನಗರದ ಒಣ ಬಂದರು (ಸಮುದ್ರವಿಲ್ಲದ ಊರಲ್ಲಿ ಕಂಟೇನರ್ ಬಿಡಿಸೋ ಕಸ್ಟಮ್ಸ್ ಜಾಗ) ಹತ್ತಿರ, ಕಲಬುರಗಿಗೆ ಮುಂಬೈ, ಹೈದರಾಬಾದ್ ಎರಡೂ ಕೇಳಿ ನೋಡಿ. ಶಂಖ, ಹವಳ, ಕಪ್ಪೆಚಿಪ್ಪು ಅಂಟಿಸಿದ ಚೌಕಟ್ಟು ಮಾತ್ರ ಬೇಡವೇ ಬೇಡ, ವನ್ಯಜೀವಿ ಕಾಯ್ದೆ ಅಡ್ಡ ಬರಬಹುದು. ಬೀಟೆ ಜಾತಿಯ ಮರ ಆದರೂ ಅಷ್ಟೇ, ಅಪಾಯದಲ್ಲಿರೋ ಗಿಡ, ಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಕಾಗದ ಕೇಳ್ತಾರೆ.

ಸ್ಟೇಷನ್ ರೋಡ್ ಹುಡುಗ
ಐದು ತಿಂಗಳಾದ ಮೇಲೆ ಬರೀತಿದೀನಿ, ಕ್ಷಮಿಸಿ. ಆಡಿಟರ್ ಹೇಳಿದಂತೆ ಏಪ್ರಿಲ್ ಒಂದರಿಂದ ರೆಗ್ಯುಲರ್ ಜಿಎಸ್‌ಟಿಗೆ ಬಂದೆವು. ಐಇಸಿ ಆಯ್ತು. ಒಂದು ಕೆತ್ತನೆ ಹಲಗೆ, ಎರಡು ಚೌಕಟ್ಟು ಮಾದರಿಗೆ ವಿಮಾನದಲ್ಲಿ ತರಿಸಿದೆ. ಕೊರಿಯರ್ ಖರ್ಚು ಮಾಲಿಗಿಂತ ಜಾಸ್ತಿ, ಹೇಳಬಾರದು.

ಬಂದ ದಿನ ಮೀಟರ್ ಚುಚ್ಚಿದೆ. ಚೌಕಟ್ಟು 11 ತೋರಿಸಿತು. ಹಲಗೆ 16. ಎರಡನ್ನೂ ಅಂಗಡಿಯ ತಗಡಿನ ಶೀಟ್ ಕೆಳಗಿನ ಗೋದಾಮಲ್ಲಿ ಇಟ್ಟೆ, ಬೇಕಂತಲೇ. ಒಂಬತ್ತನೇ ದಿನ ರಾತ್ರಿ ಅಪ್ಪ ಒಳಗೆ ಮಲಗಿದ್ದರು, ಪಟಾಕಿ ಹೊಡೆದ ಹಾಗೆ ಸದ್ದಾಯ್ತಂತೆ, ಕಳ್ಳರು ಅಂತ ಎದ್ದು ಕೋಲು ತಗೊಂಡರು. ನೋಡಿದರೆ ಹಲಗೆ. ಮೂರು ತುಂಡು ಕೂಡಿಸಿ ಮಾಡಿದ್ದರಲ್ಲ, ನಡುವಿನ ಕೂಡು ಮೇಲಿಂದ ಕೆಳಗಿನ ತನಕ ಬಿಟ್ಟಿತ್ತು. ನವಿಲಿನ ಕುತ್ತಿಗೆ ಒಂದು ಕಡೆ, ದೇಹ ಒಂದು ಕಡೆ. ಸಂದಿನಲ್ಲಿ ಎರಡು ರೂಪಾಯಿ ನಾಣ್ಯ ಸರಾಗ ಹೋಗ್ತದೆ. ಚೌಕಟ್ಟು ಎರಡೂ ಇವತ್ತಿಗೂ ಹಂಗೇ ಇವೆ, ಮೂಲೆ ಕೂಡಲ್ಲಿ ಕೂದಲು ಹೋಗಲ್ಲ.

ಫೋಟೋ, ಮೀಟರ್ ವಿಡಿಯೋ ಕಳಿಸಿದೆ. ಆ ಮನುಷ್ಯ ವಾದ ಮಾಡಲಿಲ್ಲ. "ನಿಮ್ಮ ಊರಿನ ಹವಾಮಾನ ನೋಡಿದೆ, ಇಲ್ಲಿ ಯಾರೂ ಇದನ್ನ ಕೇಳಿರಲಿಲ್ಲ" ಅಂದ. ಈಗ ಕಿಲ್ನ್‌ನಲ್ಲಿ ಒಣಗಿಸಿ ತೇವ ಶೇ 9ಕ್ಕೆ ತಂದ ಮೇಲೆ 60 ಚೌಕಟ್ಟು ಕಳಿಸೋದು ಅಂತಾಗಿದೆ, ಐದು ಸಿಬಿಎಂ ಒಳಗೆ. ಇಳಿಯೋ ಬಂದರಿನ ಚಾರ್ಜ್ ಎಲ್ಲ ಬರೆಸಿಕೊಂಡೆ ಯಾದಗಿರಿ ಅಕ್ಕಾ, ಮೂರನೇ ಏಜೆಂಟ್ ಬರೆದುಕೊಟ್ಟ. ಶೇ 30 ಕಳಿಸೋ ಮುಂಚೆ ಅಪ್ಪಾನೇ ವಿಡಿಯೋ ಕಾಲಲ್ಲಿ ಕೂತು ಖಾತೆ ನಂಬರ್ ಓದಿಸಿದರು. ಅವನ ಕಾರ್ಖಾನೆ ಎಲ್ಲ ತೋರಿಸು ಅಂತ ಕೇಳಿ ನೋಡಿದರು. ಭಾಷೆ ಬರಲ್ಲ, ಆದರೂ ಉಳಿ ಹಿಡಿಯೋ ರೀತಿ ಬಗ್ಗೆ ಅರ್ಧ ಗಂಟೆ ಕೈಸನ್ನೆ ನಡೀತು.

ಹಳೇ ಬಡಗಿ
ಒಡೆದ ಹಲಗೆ ತಂದು ಕೊಡು, ಕೂಡಿಸಿ ಕೊಡ್ತೀನಿ. ಈಗ ಅದು ಪೂರ್ತಿ ಒಣಗಿರ್ತದೆ, ಇನ್ನು ಬಿಡಲ್ಲ.

ಸ್ಟೇಷನ್ ರೋಡ್ ಹುಡುಗ
ಸಿಗೋದು ಕಷ್ಟ ಕಾಕಾ. ಅವ್ವ ಅದನ್ನ ಮಾಳಿಗೆಗೆ ಒಯ್ದು ಬೋರಲು ಹಾಕಿ ಮೇಲೆ ಸಂಡಿಗೆ ಒಣಗಿಸ್ತಿದ್ದಾಳೆ. ಜೂನ್ ತನಕ ಕೊಡಲ್ಲ ಅಂತಾಳೆ.